ನಾಲ್ಕೂ ಕಡೆ ನೀರಿರುವ ಪರ್ಯಾಯ ದ್ವೀಪ

ಅಧ್ಯಕ್ಷರೇ, ವಾಚನಾಲಯದ ಗೆಳೆಯರೇ, ಮುಂದಿನ ಎರಡು ಸಾಲು ತುಂಬಿರುವ ಹೈಸ್ಕೂಲು ಮಕ್ಕಳೇ, ಎಲ್ಲರಿಗೂ ನಮಸ್ಕಾರ.

ಕಳೆದ ತಿಂಗಳು ಇದೇ ಜಾಗದಲ್ಲಿ ವೈಕಿಂಗರ ಬಗ್ಗೆ ಒಳ್ಳೆಯ ಉಪನ್ಯಾಸ ಕೇಳಿದ್ದೀರಿ. ಹಾಗಾಗಿ ಉದ್ದ ಹಡಗು, ದಾಳಿ, ಥಾರ್ ದೇವರ ಸುತ್ತಿಗೆ, ಇವನ್ನೆಲ್ಲ ನಾನು ಮತ್ತೆ ಹೇಳುವುದಿಲ್ಲ. ಆ ಜನ ಯಾವ ನೆಲದಿಂದ ಹೊರಟರೋ ಆ ನೆಲದ ಕಥೆ ಹೇಳಬೇಕು ಅನಿಸಿತು. ನಾನೇ ಕಾರ್ಯದರ್ಶಿಗಳಿಗೆ ಫೋನ್ ಮಾಡಿ, ‘ಈ ಸಲದ ಭಾನುವಾರ ನನಗೆ ಕೊಡಿ’ ಅಂತ ಕೇಳಿಕೊಂಡೆ. ಒಂದು ಗಂಟೆ ಕೊಟ್ಟಿದ್ದಾರೆ.

ಕೇಳಿಕೊಂಡದ್ದಕ್ಕೆ ಕಾರಣ ಒಂದು ಪ್ರಶ್ನೆ. ನಾನು ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವನು. ‘ಮೂರು ಕಡೆ ನೀರು, ಒಂದು ಕಡೆ ನೆಲ ಇದ್ದರೆ ಅದು ಪರ್ಯಾಯ ದ್ವೀಪ’ ಅನ್ನೋ ವಾಕ್ಯ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಒಂದು ದಿನ ಯುರೋಪಿನ ದೊಡ್ಡ ನಕ್ಷೆ ನೇತುಹಾಕಿ ಉದಾಹರಣೆ ಕೇಳುತ್ತಿದ್ದೆ. ಇಟಲಿ ಬಂತು, ಸ್ಪೇನ್ ಬಂತು. ನಾನು ಡೆನ್ಮಾರ್ಕಿನ ಮೇಲೆ ಕೋಲು ಇಟ್ಟು ‘ಇದು ಜಟ್ಲೆಂಡ್, ಇದೂ ಒಂದು’ ಅಂದೆ. ಕಿಟಕಿ ಪಕ್ಕದ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು, ಜಟ್ಲೆಂಡಿನ ಬುಡದಲ್ಲಿದ್ದ ಒಂದು ಸಣ್ಣ ನೀಲಿ ಗೆರೆಯ ಮೇಲೆ ಬೆರಳಿಟ್ಟಳು. ‘ಸಾರ್, ಇಲ್ಲೂ ನೀರಿದೆ. ಹಾಗಾದ್ರೆ ಇದು ದ್ವೀಪ ಅಲ್ವಾ?’

ಅದು ಕೀಲ್ ಕಾಲುವೆ. ಎಲ್ಬೆ ನದಿಯ ಬಾಯಿಂದ ಬಾಲ್ಟಿಕ್ ಸಮುದ್ರದವರೆಗೆ, 98 ಕಿ.ಮೀ. ಉದ್ದ. 1895ರಲ್ಲಿ ಜರ್ಮನಿಯವರು ತೆರೆದರು. ‘ಕಾಲುವೆ ಮನುಷ್ಯರು ತೋಡಿದ್ದು, ಅದನ್ನು ಲೆಕ್ಕಕ್ಕೆ ಹಿಡಿಯಬಾರದು’ ಅಂತ ಹೇಳಿದೆ. ಹುಡುಗಿ ಹೋಗಿ ಕೂತಳು. ನನಗೆ ಮಾತ್ರ ಆ ಉತ್ತರ ಸರಿ ಅನಿಸಲಿಲ್ಲ. ಮನುಷ್ಯರು ಮಾಡಿದ್ದನ್ನು ಯಾಕೆ ಲೆಕ್ಕಕ್ಕೆ ಹಿಡಿಯಬಾರದು? ಆ ಪ್ರಶ್ನೆ ಹಿಡಿದುಕೊಂಡು ವರ್ಷಗಟ್ಟಲೆ ಓದಿದೆ. ನಿವೃತ್ತಿಯಾದ ಮೇಲೆ, ಮಗಳು ಆ ಕಡೆ ಕೆಲಸಕ್ಕೆ ಹೋದಾಗ, ನಾನೂ ಹೋಗಿ ಮೂರು ವಾರ ಬಸ್ಸಿನಲ್ಲಿ, ರೈಲಿನಲ್ಲಿ ಸುತ್ತಿದೆ. ಇವತ್ತಿನ ಮಾತು ಅದರ ಫಲ.

ನಾನು ಹೇಳಬೇಕಾದದ್ದು ಒಂದೇ. ನಕ್ಷೆ ಅಂದ್ರೆ ಒಂದು ದಿನದ ಫೋಟೋ. ನೆಲ ಹಾಗೆ ಕೂತಿರುವುದಿಲ್ಲ. ಹಿಮ, ಸಮುದ್ರ, ಮರಳು, ಯುದ್ಧ, ವೋಟು, ಗುದ್ದಲಿ ಎಲ್ಲವೂ ಅದನ್ನು ತಿದ್ದುತ್ತಲೇ ಇರುತ್ತವೆ. ಜಟ್ಲೆಂಡಿನಷ್ಟು ಚೆನ್ನಾಗಿ ಇದನ್ನು ತೋರಿಸುವ ಜಾಗ ನನಗೆ ಬೇರೆ ಗೊತ್ತಿಲ್ಲ.

ಮೊದಲು ಹಿಮ. ಸುಮಾರು 20,000 ವರ್ಷದ ಹಿಂದೆ ಉತ್ತರದಿಂದ, ಪೂರ್ವದಿಂದ ಹಿಮದ ಹಾಸು ಸರಿದು ಬಂತು. ಬಂದದ್ದು ಪೂರ್ತಿ ಮುಚ್ಚಲಿಲ್ಲ, ನಡುವೆ ನಿಂತಿತು. ಪಶ್ಚಿಮ ತೀರದ ಬೊವ್‌ಬ್ಯೆರ್ಗ್ ಅನ್ನೋ ಕಡಿದಾದ ದಿಬ್ಬದಿಂದ ಪೂರ್ವಕ್ಕೆ ವಿಬೊರ್ಗ್ ಊರಿನ ಹತ್ತಿರದವರೆಗೆ, ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಜರ್ಮನಿಯ ಕಡೆಗೆ, ಹೀಗೊಂದು ಗೆರೆ ಎಳೆಯಬಹುದು. ಹಿಮ ಇದ್ದ ಕಡೆ, ಅಂದರೆ ಪೂರ್ವಕ್ಕೆ, ಒಳ್ಳೆಯ ಜೇಡಿ ಮಣ್ಣು. ಗುಡ್ಡ, ಬೀಚ್ ಮರದ ಕಾಡು, ಗೋಧಿ ಹೊಲ, ಒಳನಾಡಿಗೆ ಚಾಚಿಕೊಂಡ ಫ್ಯೋರ್ಡ್ ಕೊಲ್ಲಿಗಳು. ವೈಲೆ, ಕೋಲ್ಡಿಂಗ್, ಫ್ಲೆನ್ಸ್‌ಬರ್ಗ್ ಎಲ್ಲ ಇಂಥ ಕೊಲ್ಲಿಗಳ ತುದಿಯಲ್ಲೇ ಬೆಳೆದ ಊರು. ಗೆರೆಯ ಪಶ್ಚಿಮಕ್ಕೆ ಹಿಮ ಕರಗಿದ ನೀರು ಹೊತ್ತು ತಂದು ಹರಡಿದ ಮರಳು. ಚಪ್ಪಟೆ ಬಯಲು. ಬಸ್ಸಿನಲ್ಲಿ ಕೂತರೆ ಒಂದು ಗಂಟೆಯೊಳಗೆ ಎರಡು ಬೇರೆ ನಾಡು ನೋಡಿದ ಹಾಗಾಗುತ್ತದೆ.

ಎತ್ತರದ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಇಲ್ಲೂ ಆ ಹುಡುಗಿಯ ಪ್ರಶ್ನೆಯೇ ಬರುತ್ತದೆ. ಸಿಲ್ಕೆಬೊರ್ಗ್ ಊರಿನ ಹತ್ತಿರ ಹಿಮ್ಮೆಲ್‌ಬ್ಯೆರ್ಗೆಟ್ ಅನ್ನೋ ಗುಡ್ಡ ಇದೆ. ಹೆಸರಿನ ಅರ್ಥ ‘ಆಕಾಶದ ಬೆಟ್ಟ’. ಎತ್ತರ 147 ಮೀಟರ್. ಕೆರೆಯ ಪಕ್ಕದಲ್ಲೇ ಏಳುವುದರಿಂದ ನೋಡುವುದಕ್ಕೆ ನಿಜಕ್ಕೂ ಎತ್ತರವಾಗಿ ಕಾಣುತ್ತದೆ. ಬಹಳ ಕಾಲ ಡೆನ್ಮಾರ್ಕಿನ ಅತಿ ಎತ್ತರದ ಜಾಗ ಇದೇ ಅಂತ ಎಲ್ಲರೂ ನಂಬಿದ್ದರು. 19ನೇ ಶತಮಾನದಲ್ಲಿ ಅಳೆದು ನೋಡಿದಾಗ ಬೇರೆ ಗುಡ್ಡಗಳು ಗೆದ್ದವು. ಏಯರ್ ಬಾವ್ನೆಹೊಯ್ 170.35 ಮೀಟರ್. ಅದರ ಹತ್ತಿರವೇ ಇರುವ ಮೊಲ್ಲೆಹೊಯ್ 170.86 ಮೀಟರ್. 2005ರಲ್ಲಿ ಪಟ್ಟ ಸಿಕ್ಕಿದ್ದು ಇದಕ್ಕೆ. ಆದರೆ ಯೂದಿಂಗ್ ಸ್ಕೊವ್‌ಹೊಯ್ ಅನ್ನೋ ಇನ್ನೊಂದು ಗುಡ್ಡ 172.54 ಮೀಟರ್ ಇದೆ. ಅದಕ್ಕೆ ಯಾಕೆ ಪಟ್ಟ ಇಲ್ಲ? ಅದರ ನೆತ್ತಿಯ ಮೇಲೆ ಕಂಚಿನ ಯುಗದ ಜನ ಪೇರಿಸಿದ ಗೋರಿಯ ದಿಬ್ಬ ಇದೆ. ಅದನ್ನು ಕಳೆದರೆ 170.77 ಆಗುತ್ತದೆ. ಮೂರು ಸಾವಿರ ವರ್ಷದ ಹಿಂದೆ ಬುಟ್ಟಿಯಲ್ಲಿ ಹೊತ್ತು ಹಾಕಿದ ಮಣ್ಣು, ಆದರೂ ‘ಮನುಷ್ಯರು ಮಾಡಿದ್ದು’ ಅಂತ ಲೆಕ್ಕದಿಂದ ಹೊರಗೆ! ನನಗಂತೂ ಇದನ್ನು ಓದಿದಾಗ ಕಿಟಕಿ ಪಕ್ಕದ ಆ ಬೆಂಚೇ ಕಣ್ಣ ಮುಂದೆ ಬಂತು.

ಈಗ ಸಮುದ್ರ. ಜಟ್ಲೆಂಡಿನ ಉತ್ತರ ಭಾಗದಲ್ಲಿ ಲಿಮ್‌ಫ್ಯೋರ್ಡ್ ಅನ್ನೋ ಉದ್ದನೆಯ, ಸೊಟ್ಟ ಸೊಟ್ಟಗೆ ಹರಡಿದ ನೀರಿನ ಪಟ್ಟಿ ಇದೆ. ವೈಕಿಂಗರ ಕಾಲದಲ್ಲಿ ಇದು ಪೂರ್ವಕ್ಕೂ ಪಶ್ಚಿಮಕ್ಕೂ ತೆರೆದಿತ್ತು. ಇಂಗ್ಲೆಂಡಿನ ಮೇಲೆ ಹೋಗಲು 1085ರಲ್ಲಿ ರಾಜ ನಾಲ್ಕನೇ ಕ್ನೂಟ್ ಹಡಗುಪಡೆ ಸೇರಿಸಿದ್ದು ಇಲ್ಲೇ. ಆಮೇಲೆ ಮರಳು ಬಂದು ಪಶ್ಚಿಮದ ಬಾಯಿ ಮುಚ್ಚಿಕೊಂಡಿತು. ಏಳೆಂಟು ತಲೆಮಾರಲ್ಲ, ಅದಕ್ಕಿಂತ ಎಷ್ಟೋ ಜಾಸ್ತಿ ಕಾಲ ಹಾಗೇ ಇತ್ತು. ಪಶ್ಚಿಮದ ಕಡೆ ನೀರು ಸಿಹಿಯಾಯಿತು. ಜನ ಸಿಹಿನೀರಿನ ಮೀನು ಹಿಡಿದರು, ದಡದ ಹುಲ್ಲುಗಾವಲಿನಲ್ಲಿ ದನ ಮೇಯಿಸಿದರು.

1825ರ ಫೆಬ್ರುವರಿ 3. ಉತ್ತರ ಸಮುದ್ರದಲ್ಲಿ ದೊಡ್ಡ ಬಿರುಗಾಳಿ. ಅಗ್ಗರ್ ಅನ್ನೋ ಜಾಗದಲ್ಲಿ ಮರಳಿನ ಪಟ್ಟಿಯನ್ನು ಒಡೆದುಕೊಂಡು ಸಮುದ್ರ ಒಳಗೆ ನುಗ್ಗಿತು. ಉಪ್ಪುನೀರು ಹರಿಯಿತು. ಸಿಹಿನೀರಿನ ಮೀನು ರಾಶಿ ರಾಶಿ ಸತ್ತವು. ಹುಲ್ಲುಗಾವಲು ಕೆಟ್ಟಿತು. ತಮ್ಮ ಅಜ್ಜ, ಮುತ್ತಜ್ಜ ಮಾಡಿದ ಕಸುಬು ಒಮ್ಮೆಲೇ ಹೋದರೆ ಆ ಬೆಸ್ತರ ಮನೆಗಳಲ್ಲಿ ಏನಾಗಿರಬೇಕು, ಸ್ವಲ್ಪ ಯೋಚನೆ ಮಾಡಿ. ಕಾಲು ಶತಮಾನ ಕಳೆದ ಮೇಲೆ ಅದೇ ಉಪ್ಪುನೀರಿನಲ್ಲಿ ತಿನ್ನುವ ಸಿಂಪಿ ಕಾಣಿಸಿಕೊಂಡಿತು. ಇವತ್ತು ಲಿಮ್‌ಫ್ಯೋರ್ಡಿನ ಸಿಂಪಿಗೆ ದೊಡ್ಡ ಹೆಸರು.

ಮಕ್ಕಳೇ, ಇಲ್ಲಿ ಗಮನಿಸಿ. ಆ ಬಿರುಗಾಳಿಯ ಮೇಲೆ ಜಟ್ಲೆಂಡಿನ ತಲೆ ಮೈಯಿಂದ ಬೇರೆಯಾಯಿತು. ಈಗ ಅದು ನಿಜವಾಗಿಯೂ ಒಂದು ದ್ವೀಪ, ಡೆನ್ಮಾರ್ಕಿನ ಎರಡನೇ ದೊಡ್ಡ ದ್ವೀಪ. ಅಲ್ಲಿನವರನ್ನು ಕೇಳಿದರೆ ‘ನಾವು ಜಟ್ಲೆಂಡಿನವರು’ ಅಂತಲೇ ಹೇಳುತ್ತಾರೆ. ಅಂದ್ರೆ ಬುಡದಲ್ಲಿ ಮನುಷ್ಯರು ಕತ್ತರಿಸಿದರು, ತಲೆಯಲ್ಲಿ ಸಮುದ್ರ ಕತ್ತರಿಸಿತು. ಆದರೂ ಎಲ್ಲ ಪಠ್ಯಪುಸ್ತಕದಲ್ಲೂ ಅದು ಪರ್ಯಾಯ ದ್ವೀಪವೇ.

ಮರಳಿನ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಅಧ್ಯಕ್ಷರು ಕ್ಷಮಿಸಬೇಕು.

ವಾಯವ್ಯ ತೀರದಲ್ಲಿ ರೂಬ್ಯೆರ್ಗ್ ಕ್ನೂಡೆ ಅನ್ನೋ ಜಾಗ. ಸಮುದ್ರದಿಂದ 60 ಮೀಟರ್ ಎತ್ತರದ ಕಡಿದಾದ ದಿಬ್ಬ. 1900ರಲ್ಲಿ ಅದರ ಮೇಲೆ ಒಂದು ದೀಪಸ್ತಂಭ ಕಟ್ಟಿದರು. ಬಿಳಿ ಬಣ್ಣದ, ಚೌಕಾಕಾರದ ಗೋಪುರ, 23 ಮೀಟರ್ ಎತ್ತರ. ಕಟ್ಟಿದಾಗ ಸಮುದ್ರ ಅದರಿಂದ 200 ಮೀಟರ್ ದೂರದಲ್ಲಿತ್ತು. ಕಾವಲುಗಾರರ ಕುಟುಂಬಗಳಿಗೆ ಮನೆ ಇತ್ತು, ತರಕಾರಿ ತೋಟ ಇತ್ತು.

ಸಮುದ್ರ ದಿಬ್ಬವನ್ನು ಕೆಳಗಿಂದ ತಿನ್ನುತ್ತಿತ್ತು. ಗಾಳಿ ಆ ಮರಳನ್ನು ಮೇಲಕ್ಕೆ ಎತ್ತಿ ತರುತ್ತಿತ್ತು. ತೋಟ ಮುಚ್ಚಿತು. ಬಾವಿಗೆ ಮರಳು ಬಿತ್ತು. ಮರಳು ತಡೆಯಲಿ ಅಂತ ಹುಲ್ಲು ನೆಟ್ಟರು, ಆ ಹುಲ್ಲು ಹಿಡಿದಷ್ಟೂ ಮರಳ ದಿಬ್ಬ ಬೆಳೆಯಿತು. ಕೊನೆಗೆ ಎಷ್ಟು ಎತ್ತರ ಬೆಳೆಯಿತು ಅಂದ್ರೆ, ಸಮುದ್ರದಿಂದ ದೀಪವೇ ಕಾಣುತ್ತಿರಲಿಲ್ಲ. ಹಡಗಿಗೆ ಕಾಣದ ದೀಪ ಯಾರಿಗೆ ಬೇಕು? 1968ರಲ್ಲಿ ಆರಿಸಿದರು. ಕೆಲವು ವರ್ಷ ಮ್ಯೂಸಿಯಂ ಮಾಡಿದರು. ಅದನ್ನೂ ಮರಳು ಬಿಡಲಿಲ್ಲ. ಸುತ್ತಲಿನ ಮನೆಗಳು ಹೂತುಹೋದವು.

ಇಷ್ಟಾದ ಮೇಲೆ ಗಾಳಿ ಆ ಮರಳನ್ನೇ ಒಳನಾಡಿನ ಕಡೆಗೆ ತಳ್ಳಿಕೊಂಡು ಹೋಯಿತು. ಗೋಪುರ ಮತ್ತೆ ಬಯಲಿಗೆ ಬಂತು. ಅಷ್ಟರಲ್ಲಿ ಸಮುದ್ರ ಹತ್ತಿರ ಬಂದಿತ್ತು. 2019ರ ಹೊತ್ತಿಗೆ ಗೋಪುರಕ್ಕೂ ದಿಬ್ಬದ ಅಂಚಿಗೂ ಉಳಿದದ್ದು ಐದಾರು ಮೀಟರ್. ಈ ವೇದಿಕೆಯಿಂದ ಮೂರನೇ ಸಾಲಿನವರೆಗೆ ಅಂದುಕೊಳ್ಳಿ.

ಬಿಟ್ಟುಬಿಡಬಹುದಿತ್ತು. ದೀಪ ಉರಿಯುವುದು ನಿಂತು ಐವತ್ತು ವರ್ಷ ಆಗಿದೆ. ಹಡಗುಗಳಿಗೆ ಅದರಿಂದ ಏನೂ ಉಪಯೋಗವಿಲ್ಲ. ಆದರೆ ಊರಿನವರಿಗೆ ಮನಸ್ಸಾಗಲಿಲ್ಲ. ಸ್ಥಳೀಯ ಗಾರೆ ಮೇಸ್ತ್ರಿಯೊಬ್ಬರು ಯೋಜನೆ ಹಾಕಿದರು. ಗೋಪುರದ ಬುಡದಲ್ಲಿ ಗೋಡೆ ಕೊರೆದು, ತೊಲೆಗಳನ್ನು ತೂರಿಸಿ, ಇಡೀ ಕಟ್ಟಡವನ್ನು ಎತ್ತಿ, ಹಳಿಗಳ ಮೇಲೆ ಕೂರಿಸಿದರು. ತೂಕ 720 ಟನ್. 2019ರ ಅಕ್ಟೋಬರ್ 22ರ ಬೆಳಿಗ್ಗೆ ಅದನ್ನು ಒಳನಾಡಿನ ಕಡೆಗೆ ತಳ್ಳಲು ಶುರುಮಾಡಿದರು. ಗಂಟೆಗೆ ಕೆಲವೇ ಮೀಟರ್ ವೇಗ. ತಿರುಪತಿ ಸರತಿ ಸಾಲು ಕೂಡ ಅದಕ್ಕಿಂತ ಬೇಗ ಸಾಗುತ್ತದೆ! ಜನ ಸಾವಿರಗಟ್ಟಲೆ ಬಂದು, ಚಳಿಯಲ್ಲಿ ನಿಂತು ನೋಡಿದರು. 70 ಮೀಟರ್ ಸರಿಸಿದರು. ಒಂದು ಬಿರುಕು ಬೀಳಲಿಲ್ಲ.

ನಾನು ಹೋದದ್ದು ಅದಾದ ಮೇಲೆ. ಒಳಗೆ ಮೆಟ್ಟಿಲು ಹತ್ತಿದೆ. ಮೇಲಿಂದ ನೋಡಿದರೆ ಗೋಪುರ ಮೊದಲು ನಿಂತಿದ್ದ ಜಾಗ ಕಾಣುತ್ತದೆ, ಅದರಾಚೆ ನೀರು. ಗಾಳಿಗೆ ಮರಳು ಕೆನ್ನೆಗೆ ಸೂಜಿ ಚುಚ್ಚಿದ ಹಾಗೆ ಬಡಿಯುತ್ತದೆ. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರನ್ನು, ಇದು ಇನ್ನೆಷ್ಟು ಕಾಲ ಅಂತ ಕೇಳಿದೆ. ‘ಸುಮಾರು 40 ವರ್ಷ ಅಂತ ಲೆಕ್ಕ ಹಾಕಿದ್ದಾರೆ’ ಅಂದರು. ‘ಆಮೇಲೆ?’ ಅಂದೆ. ‘ಆಮೇಲಿನದನ್ನು ಆಗಿನವರು ನೋಡಿಕೊಳ್ಳುತ್ತಾರೆ’ ಅಂದರು. ಅವರ ದನಿಯಲ್ಲಿ ಬೇಸರ ಇರಲಿಲ್ಲ. ಮನೆಯ ಮಾಡಿಗೆ ವರ್ಷ ವರ್ಷ ಹುಲ್ಲು ಹೊದಿಸುವವರು ಮಾತಾಡುವ ಹಾಗಿತ್ತು. ಅವತ್ತು ಸಂಜೆ ರೂಮಿಗೆ ಬಂದು ಶೂ ಬಿಚ್ಚಿದಾಗ ಎರಡೂ ಶೂಗಳಿಂದ ಬಿದ್ದ ಮರಳು ಈ ಸೀಸೆಯಲ್ಲಿದೆ. ನೋಡಿ, ಇದನ್ನು ಮುಂದಿನ ಸಾಲಿಗೆ ಕೊಡುತ್ತೇನೆ. ಹಾಗೇ ಹಿಂದಕ್ಕೆ ದಾಟಿಸುತ್ತಾ ಹೋಗಿ. ಮುಚ್ಚಳ ತೆಗೆಯಬಹುದು, ಮುಟ್ಟಿ ನೋಡಬಹುದು. ಎಷ್ಟು ನಯ ಅಲ್ವಾ?

ಅಲ್ಲಿಂದ ಉತ್ತರಕ್ಕೆ ರೋಬ್ಯೆರ್ಗ್ ಮಿಲೆ ಅನ್ನೋ ಮರಳಿನ ಗುಡ್ಡ ಇದೆ. ಅದು ನಡೆಯುವ ಗುಡ್ಡ. ವರ್ಷಕ್ಕೆ ಸುಮಾರು 15 ಮೀಟರ್ ಈಶಾನ್ಯಕ್ಕೆ ಸರಿಯುತ್ತದೆ. ತುದಿಯ ಸ್ಕಾಗೆನ್ ಊರಿನ ಹೊರಗೆ ಒಂದು ಹಳೆಯ ಚರ್ಚಿನ ಗೋಪುರ ಮಾತ್ರ ಮರಳಿನಿಂದ ಮೇಲೆ ನಿಂತಿದೆ. 18ನೇ ಶತಮಾನದಲ್ಲಿ ಪ್ರಾರ್ಥನೆಗೆ ಬರುವವರು ಪ್ರತಿ ಸಲ ಬಾಗಿಲ ಮುಂದಿನ ಮರಳು ಅಗೆದು ಒಳಗೆ ಹೋಗುತ್ತಿದ್ದರಂತೆ. 1795ರಲ್ಲಿ ಕೈಬಿಟ್ಟರು.

ಪಶ್ಚಿಮ ತೀರದಲ್ಲಿ ದಕ್ಷಿಣಕ್ಕೆ ಇಳಿದರೆ ಸಮುದ್ರದ ಇನ್ನೊಂದು ರೂಪ. ಅಲ್ಲಿ ದಿಬ್ಬಗಳಿಲ್ಲ. ಉಬ್ಬರಕ್ಕೆ ಮುಳುಗಿ ಇಳಿತಕ್ಕೆ ಏಳುವ ಕೆಸರು ಬಯಲು, ವಾಡನ್ ಸಮುದ್ರ ಅನ್ನುತ್ತಾರೆ. ರೀಬೆ ಅನ್ನೋ ಊರಿದೆ, ಡೆನ್ಮಾರ್ಕಿನ ಅತಿ ಹಳೆಯ ಪಟ್ಟಣ, ಸುಮಾರು ಕ್ರಿ.ಶ. 710ರಿಂದ ಇದೆ. ಅಲ್ಲಿ ನದಿಯ ಪಕ್ಕ ಒಂದು ಮರದ ಕಂಬ ನೆಟ್ಟಿದ್ದಾರೆ. ಯಾವ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ತೋರಿಸುವ ಉಂಗುರಗಳು ಅದರ ಮೇಲೆ. ಎಲ್ಲಕ್ಕಿಂತ ಮೇಲಿನ ಉಂಗುರ 1634ರದು. ಕತ್ತು ಎತ್ತಿ ನೋಡಬೇಕು, ನೆಲದಿಂದ ಅಷ್ಟು ಮೇಲಿದೆ. ಆ ವರ್ಷ ಅಕ್ಟೋಬರ್ 11ರ ರಾತ್ರಿ ಬಂದ ನೀರಿಗೆ ಒಡ್ಡುಗಳು ಒಡೆದವು. ಸ್ಟ್ರಾಂಡ್ ಅನ್ನೋ ಸಮೃದ್ಧ ದ್ವೀಪದಲ್ಲೇ 6,000ಕ್ಕೂ ಹೆಚ್ಚು ಜನ ಸತ್ತರು. ಬೆಳಗಾದಾಗ ಆ ದ್ವೀಪ ತುಂಡಾಗಿತ್ತು. ಇವತ್ತಿನ ನಕ್ಷೆಯಲ್ಲಿ ನೋರ್ಡ್‌ಸ್ಟ್ರಾಂಡ್, ಪೆಲ್‌ವೋರ್ಮ್ ಅಂತ ಕಾಣುವವು ಆ ತುಂಡುಗಳೇ.

ಇದೇ ಕೆಸರು ತೀರ ಪಶ್ಚಿಮಕ್ಕೆ ಹೋಗುತ್ತಾ ಪೂರ್ವ ಫ್ರೀಸಿಯಾ ಮುಟ್ಟುತ್ತದೆ. ಅಲ್ಲಿ ರೆಸ್ಟರ್‌ಹಾಫೆ ಅನ್ನೋ ಹಳ್ಳಿಯಲ್ಲಿ 1832ರಲ್ಲಿ ಒಬ್ಬ ಪಾದ್ರಿಯ ಮಗನಾಗಿ ಹುಟ್ಟಿದವರು ನಮ್ಮ ಫರ್ಡಿನೆಂಡ್ ಕಿಟೆಲ್. ಒಡ್ಡು, ಉಬ್ಬರ, ಗಾಳಿ ನೋಡುತ್ತಾ ಬೆಳೆದ ಹುಡುಗ ಮುಂದೆ ನಮ್ಮ ಮಾತುಗಳನ್ನು ಒಂದೊಂದಾಗಿ ಹೆಕ್ಕಿ 1894ರಲ್ಲಿ ನಿಘಂಟು ಕೊಟ್ಟರು. ನಾನು ರೀಬೆಯ ಕಂಬದ ಮುಂದೆ ನಿಂತಾಗ ನೆನಪಾದದ್ದು ಅವರೇ.

ಜೌಗಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 1950ರ ಮೇ ತಿಂಗಳು. ಸಿಲ್ಕೆಬೊರ್ಗ್ ಹತ್ತಿರದ ಜೌಗಿನಲ್ಲಿ ಇಬ್ಬರು ಅಣ್ಣತಮ್ಮಂದಿರು ಒಲೆಗೆ ಉರಿಸುವ ಕಪ್ಪು ಜೌಗುಮಣ್ಣು ಕಡಿಯುತ್ತಿದ್ದರು. ಒಂದು ಮುಖ ಕಾಣಿಸಿತು. ಈಚೆಗೆ ಕೊಲೆಯಾದ ಯಾರೋ ಅಂದುಕೊಂಡು ಪೊಲೀಸರನ್ನು ಕರೆದರು. ಆತ ಸತ್ತು ಸುಮಾರು 2,400 ವರ್ಷ ಆಗಿತ್ತು. ಜೌಗಿನ ಹುಳಿ ನೀರು ಚರ್ಮವನ್ನು ಹದ ಮಾಡಿ ಕಾಪಾಡಿತ್ತು. ಟೊಲುಂಡ್ ಮನುಷ್ಯ ಅಂತ ಕರೆಯುತ್ತಾರೆ. ಮ್ಯೂಸಿಯಂನಲ್ಲಿ ನಾನು ಅವನ ಮುಖದ ಮುಂದೆ ಬಹಳ ಹೊತ್ತು ಕೂತಿದ್ದೆ. ತಲೆಯ ಮೇಲೆ ಚರ್ಮದ ಟೋಪಿ. ಕಣ್ಣು ಮುಚ್ಚಿದೆ. ಹಣೆಯಲ್ಲಿ ಗೆರೆ. ಗಲ್ಲದ ಮೇಲೆ ಎರಡು ದಿನ ಕ್ಷೌರ ಮಾಡದಂಥ ಕುರುಚಲು. ಕೊನೆಯ ಊಟ ಬಾರ್ಲಿ, ಅಗಸೆ ಬೀಜ ಹಾಕಿದ ಗಂಜಿ. ಕುತ್ತಿಗೆಗೆ ಚರ್ಮದ ಹಗ್ಗ ಇತ್ತು, ನೇಣು ಹಾಕಿದ್ದರು. ಬಲಿ ಕೊಟ್ಟದ್ದು ಅಂತ ಬಹಳ ವಿದ್ವಾಂಸರು ಹೇಳುತ್ತಾರೆ. ಆದರೆ ಸತ್ತ ಮೇಲೆ ಕಣ್ಣು, ಬಾಯಿ ಮುಚ್ಚಿ, ಮಲಗಿದ ಮಗುವಿನ ಹಾಗೆ ಕಾಲು ಮಡಿಸಿ ಇಟ್ಟಿದ್ದಾರೆ. ಆ ಮಡಿಸಿದ ಕೈಗಳು ಯಾರವು?

ಸಮಯ ನೋಡುತ್ತಿದ್ದೇನೆ. ಇನ್ನು ಗಡಿಯ ಕಥೆ.

ಜಟ್ಲೆಂಡಿನ ಬುಡ ಯಾರದು ಅನ್ನೋ ಜಗಳ ಬಹಳ ಹಳೆಯದು. ದಾನೆವಿರ್ಕೆ ಅನ್ನೋ ಮಣ್ಣಿನ ಏರಿ ಅಲ್ಲಿದೆ, ವೈಕಿಂಗರ ಕಾಲಕ್ಕಿಂತ ಹಿಂದೆಯೇ ಶುರುವಾದದ್ದು. ದಕ್ಷಿಣದಿಂದ ಬರುವವರನ್ನು ತಡೆಯಲು ಕಟ್ಟಿದ್ದು. ಅದರ ಪಕ್ಕವೇ ಹೆಡೆಬಿ, ಹೋದ ತಿಂಗಳು ಕೇಳಿದ ವೈಕಿಂಗ್ ಸಂತೆ ಪಟ್ಟಣ. ಒಂದು ಸಮುದ್ರದ ಸರಕನ್ನು ಇಳಿಸಿ, ಕಿರಿದಾದ ನೆಲ ದಾಟಿಸಿ, ಇನ್ನೊಂದು ಸಮುದ್ರಕ್ಕೆ ಒಯ್ಯುತ್ತಿದ್ದರು. ಕೀಲ್ ಕಾಲುವೆಯ ಕೆಲಸವನ್ನು ಸಾವಿರ ವರ್ಷದ ಹಿಂದೆ ಹೆಗಲು, ಗಾಡಿ ಮಾಡುತ್ತಿದ್ದವು.

19ನೇ ಶತಮಾನದಲ್ಲಿ ಶ್ಲೆಸ್ವಿಗ್, ಹೋಲ್‌ಸ್ಟೈನ್ ಅಂತ ಎರಡು ಡಚಿಗಳು, ಅಂದರೆ ಡ್ಯೂಕರ ಸೀಮೆಗಳು. ಎರಡಕ್ಕೂ ಡೆನ್ಮಾರ್ಕಿನ ರಾಜನೇ ಒಡೆಯ. ಆದರೆ ಹೋಲ್‌ಸ್ಟೈನ್ ಜರ್ಮನ್ ಒಕ್ಕೂಟದಲ್ಲೂ ಇತ್ತು, ಶ್ಲೆಸ್ವಿಗ್ ಇರಲಿಲ್ಲ. ಜನ ಡ್ಯಾನಿಷ್, ಜರ್ಮನ್, ಫ್ರೀಸಿಯನ್ ಮಾತಾಡುತ್ತಿದ್ದರು. ಇದರ ತೊಡಕು ಅರ್ಥವಾದವರು ಮೂರೇ ಜನ, ಒಬ್ಬ ಸತ್ತ, ಒಬ್ಬನಿಗೆ ಹುಚ್ಚು ಹಿಡಿಯಿತು, ಮೂರನೆಯವನು ನಾನು, ನನಗೆ ಮರೆತುಹೋಗಿದೆ ಅಂತ ಬ್ರಿಟನ್ನಿನ ಪ್ರಧಾನಿ ಪಾಮರ್‌ಸ್ಟನ್ ಹೇಳಿದ್ದರು ಅನ್ನೋ ಮಾತು ಪ್ರಸಿದ್ಧ. 1864ರಲ್ಲಿ ಬಿಸ್ಮಾರ್ಕಿನ ಪ್ರಷ್ಯಾ, ಜೊತೆಗೆ ಆಸ್ಟ್ರಿಯಾ, ಯುದ್ಧಕ್ಕೆ ಬಂದವು. ಫೆಬ್ರುವರಿಯ ಚಳಿಯಲ್ಲಿ ಡ್ಯಾನಿಷ್ ಸೈನ್ಯ ದಾನೆವಿರ್ಕೆ ಏರಿಯನ್ನು ರಾತ್ರೋರಾತ್ರಿ ಬಿಟ್ಟು ಹಿಂದೆ ಸರಿಯಿತು. ಏಪ್ರಿಲ್ 18ಕ್ಕೆ ಡ್ಯುಬ್ಬಲ್ ಕೋಟೆ ಬಿತ್ತು. ಶಾಂತಿ ಒಪ್ಪಂದ ಆಗುವ ಹೊತ್ತಿಗೆ ಡೆನ್ಮಾರ್ಕ್ ಎರಡೂ ಡಚಿಗಳನ್ನು ಕಳೆದುಕೊಂಡಿತ್ತು. ಗಡಿ ಮೇಲೆ ಸರಿದು ಕೊಂಗೆಓ ಅನ್ನೋ ಚಿಕ್ಕ ನದಿಗೆ ಬಂತು. ಡ್ಯಾನಿಷ್ ಮಾತಾಡುವ ಲಕ್ಷಗಟ್ಟಲೆ ಜನ ಆ ಕಡೆ ಉಳಿದರು. ಅವರ ಮಕ್ಕಳು ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸಮವಸ್ತ್ರ ಹಾಕಿಕೊಂಡು ಹೋಗಿ ಸಾವಿರಗಟ್ಟಲೆ ಸತ್ತರು.

1920ರಲ್ಲಿ ವೋಟು ಹಾಕಿಸಿದರು. ನನಗೆ ಇಡೀ ಕಥೆಯಲ್ಲಿ ತುಂಬ ಮುಖ್ಯ ಅನಿಸುವುದು ಇದು. ಫೆಬ್ರುವರಿ 10ರಂದು ಉತ್ತರದ ಭಾಗದಲ್ಲಿ ನೂರಕ್ಕೆ ಸುಮಾರು 75 ಜನ ಡೆನ್ಮಾರ್ಕ್ ಅಂದರು. ಮಾರ್ಚ್ 14ರಂದು ಅದರ ಕೆಳಗಿನ ಭಾಗದಲ್ಲಿ ನೂರಕ್ಕೆ ಸುಮಾರು 80 ಜನ ಜರ್ಮನಿ ಅಂದರು. ಗೆರೆ ಅಲ್ಲೇ ಬಿತ್ತು, ಇವತ್ತಿಗೂ ಅಲ್ಲೇ ಇದೆ. ಎಲ್ಲರಿಗೂ ಖುಷಿಯಾಗಲಿಲ್ಲ. ಟ್ಯೊನ್ನರ್ ಪಟ್ಟಣದವರು ಜಾಸ್ತಿ ಜರ್ಮನಿಗೇ ವೋಟು ಹಾಕಿದ್ದರು, ಇಡೀ ಉತ್ತರ ಭಾಗವನ್ನು ಒಟ್ಟಾಗಿ ಎಣಿಸಿದ್ದರಿಂದ ಡೆನ್ಮಾರ್ಕಿಗೆ ಬಂದರು. ಫ್ಲೆನ್ಸ್‌ಬರ್ಗಿನ ಡೇನರು ಜರ್ಮನಿಯಲ್ಲಿ ಉಳಿದರು. 1955ರಲ್ಲಿ ಎರಡೂ ಸರ್ಕಾರಗಳು ತಮ್ಮ ತಮ್ಮ ಅಲ್ಪಸಂಖ್ಯಾತರ ಬಗ್ಗೆ ಘೋಷಣೆ ಹೊರಡಿಸಿದವು. ಅದರ ತಿರುಳು ಇಷ್ಟು: ನಾನು ಡೇನ್ ಅಂತ ಒಬ್ಬರು ಹೇಳಿದರೆ, ನಾನು ಜರ್ಮನ್ ಅಂತ ಇನ್ನೊಬ್ಬರು ಹೇಳಿದರೆ, ಸರ್ಕಾರ ಅದನ್ನು ಪರೀಕ್ಷೆ ಮಾಡುವಂತಿಲ್ಲ. ಇವತ್ತು ಫ್ಲೆನ್ಸ್‌ಬರ್ಗಿನಲ್ಲಿ ಡ್ಯಾನಿಷ್ ಶಾಲೆಗಳಿವೆ, ಈ ಕಡೆ ಜರ್ಮನ್ ಶಾಲೆಗಳಿವೆ. ಸೈನ್ಯ ಎಳೆದ ಗೆರೆ 56 ವರ್ಷ ನಿಂತಿತು. ಜನ ಎಳೆದದ್ದು ನೂರು ದಾಟಿದೆ. ನಕ್ಷೆ ಒಂದು ದಿನದ ಫೋಟೋ ಅಂದೆನಲ್ಲ, ಈ ಫೋಟೋವನ್ನು ಜನ ತಾವೇ ನಿಂತು ತೆಗೆಸಿಕೊಂಡರು.

ಯುದ್ಧ ಸೋತ ಮೇಲೆ ಉಳಿದ ಜಟ್ಲೆಂಡಿನಲ್ಲಿ ಏನಾಯಿತು ಅನ್ನೋದೂ ಅಷ್ಟೇ ದೊಡ್ಡ ಕಥೆ. ಪಶ್ಚಿಮದ ಮರಳು ಬಯಲೆಲ್ಲ ಕುರುಚಲು ಹೀದರ್ ಗಿಡ ತುಂಬಿದ ಬೀಳು ಭೂಮಿ. ಮೊದಲು ಅಲ್ಲಿ ಕಾಡಿತ್ತು. ಮನುಷ್ಯರೇ ಕಡಿದು, ಸುಟ್ಟು, ಕುರಿ ಮೇಯಿಸಿ ಹಾಗೆ ಮಾಡಿದ್ದರು. 1760ರ ಸುಮಾರಿಗೆ ರಾಜ ಜರ್ಮನ್ ರೈತರನ್ನು ಕರೆತಂದು ಕೂರಿಸಿದ. ಅವರು ಬೆಳೆದದ್ದು ಆಲೂಗಡ್ಡೆ. ಊರವರು ಅವರನ್ನು ‘ಆಲೂಗಡ್ಡೆ ಜರ್ಮನರು’ ಅಂತಲೇ ಕರೆದರು. ಆದರೂ ಬಯಲು ಬಯಲಾಗಿಯೇ ಉಳಿಯಿತು.

1866ರಲ್ಲಿ ಎನ್ರಿಕೊ ಡಾಲ್ಗಾಸ್ ಅನ್ನೋ ಸೈನ್ಯದ ಎಂಜಿನಿಯರ್ ಗೆಳೆಯರ ಜೊತೆ ಸೇರಿ ಹೀದರ್ ಬಯಲಿನ ಸಂಘ ಕಟ್ಟಿದರು. ರಸ್ತೆ ಮಾಡಿಸುತ್ತಾ ಆ ಮಣ್ಣನ್ನು ಅಡಿ ಅಡಿ ತಿಳಿದಿದ್ದ ಮನುಷ್ಯ. ಮರಳಿನ ಕೆಳಗೆ ಕಲ್ಲಿನಂತೆ ಗಟ್ಟಿಯಾದ ಒಂದು ಪದರ, ಬೇರು ಇಳಿಯುವುದಿಲ್ಲ. ಅದನ್ನು ಒಡೆಯಬೇಕು. ಮಣ್ಣು ಹುಳಿ. ಅದಕ್ಕೆ ಸುಣ್ಣದ ಅಂಶದ ಜೇಡಿ ಅಗೆದು ತಂದು ಹರಡಬೇಕು. ಆ ಜೇಡಿ ಸಾಗಿಸಲಿಕ್ಕೇ ಪುಟ್ಟ ರೈಲು ಹಳಿ ಹಾಕಿದರು. ಸ್ಪ್ರೂಸ್ ಮರ ನೆಟ್ಟರೆ ಮೊಣಕಾಲೆತ್ತರಕ್ಕೆ ನಿಂತುಬಿಡುತ್ತಿತ್ತು. ಪಕ್ಕದಲ್ಲಿ ಬೆಟ್ಟದ ಪೈನ್ ನೆಟ್ಟಾಗ ಮಾತ್ರ ಸ್ಪ್ರೂಸ್ ಎದ್ದಿತು. ‘ಹೊರಗೆ ಕಳೆದದ್ದನ್ನು ಒಳಗೆ ಗಳಿಸಬೇಕು’ ಅನ್ನೋ ಮಾತು ಆ ಕಾಲದ ಉಸಿರಾಯಿತು. ಜನ ಅದನ್ನು ಡಾಲ್ಗಾಸ್ ಹೇಳಿದ್ದು ಅನ್ನುತ್ತಾರೆ, ಬರೆದದ್ದು ಎಚ್.ಪಿ. ಹೋಲ್ಸ್ಟ್ ಅನ್ನೋ ಕವಿ. 1911ರಲ್ಲಿ ಜಪಾನಿನ ಕ್ರೈಸ್ತ ಚಿಂತಕ ಉಚಿಮುರಾ ಕಾನ್ಜೊ ಇದೇ ಕಥೆಯನ್ನು ತಮ್ಮ ಜನರ ಮುಂದೆ ಉಪನ್ಯಾಸವಾಗಿ ಹೇಳಿದರು. ಅದನ್ನು ಓದಿದ ಮೇಲೆ, ಕನ್ನಡದಲ್ಲೂ ಯಾರಾದರೂ ನಿಂತು ಹೇಳಬೇಕು ಅನ್ನೋ ಆಸೆ ನನಗೆ ಇತ್ತು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಹತ್ತು ನಿಮಿಷ. ಹಾಗಾಗಿ ಉಳಿದದ್ದನ್ನು ಓಡಿಸಿಕೊಂಡು ಹೋಗುತ್ತೇನೆ.

ದಕ್ಷಿಣದ ಬಂದರುಗಳು ಕೈಬಿಟ್ಟವು, ಅದಕ್ಕೆ 1868ರಲ್ಲಿ ಕಾನೂನು ಮಾಡಿ ಕೆಲವೇ ಮನೆಗಳಿದ್ದ ಎಸ್ಬ್ಯೆರ್ಗ್ ಅನ್ನೋ ಜಾಗದಲ್ಲಿ ಬಂದರು ಕಟ್ಟಿದರು. ಈಗ ಅದು 70,000 ಜನರ ಊರು, ಸಮುದ್ರದ ಗಾಳಿಯಂತ್ರಗಳು ಹೊರಡುವ ಜಾಗ. ಗಾಳಿಯಂತ್ರ ಅಂದಾಗ ಆಸ್ಕೊವ್ ನೆನಪಾಗಬೇಕು. 1844ರಲ್ಲಿ ರೊಡ್ಡಿಂಗ್ ಅನ್ನೋ ಹಳ್ಳಿಯಲ್ಲಿ ರೈತರ ಮಕ್ಕಳಿಗೆ ಒಂದು ಜನತಾ ವಿದ್ಯಾಲಯ ಶುರುವಾಗಿತ್ತು. ಪರೀಕ್ಷೆ ಇಲ್ಲದ ಶಾಲೆ. ಮಕ್ಕಳ ಮುಖ ಅರಳಿತು ನೋಡಿ! 1864ರ ಗಡಿ ಆ ಹಳ್ಳಿಯ ಉತ್ತರಕ್ಕೆ ಬಂತು. ಮೇಷ್ಟ್ರುಗಳು ನದಿ ದಾಟಿ ಆಸ್ಕೊವ್‌ನಲ್ಲಿ ಮತ್ತೆ ಶುರುಮಾಡಿದರು. ಅಲ್ಲಿಯ ಮೇಷ್ಟ್ರು ಪೌಲ್ ಲಾ ಕೂರ್ 1891ರಲ್ಲಿ ಗಾಳಿಯಿಂದ ವಿದ್ಯುತ್ ತೆಗೆದರು. ಆ ವಿದ್ಯುತ್ತಿನಿಂದ ನೀರನ್ನು ಒಡೆದು, ಜಲಜನಕ ಕೂಡಿಟ್ಟು, ಅದರಿಂದ ಶಾಲೆಯ ದೀಪ ಉರಿಸಿದರು. ಇವತ್ತು ಹಸಿರು ಜಲಜನಕ ಅಂತ ಪೇಪರಿನಲ್ಲಿ ಓದುತ್ತೇವಲ್ಲ, ಅದೇ.

1882ರಲ್ಲಿ ಯೆಡ್ಡಿಂಗ್ ಹಳ್ಳಿಯಲ್ಲಿ ಡೆನ್ಮಾರ್ಕಿನ ಮೊದಲ ಸಹಕಾರಿ ಡೈರಿ. ಹೀದರ್ ಬಯಲಿನ ಬಿಲ್ಲುಂಡ್‌ನಲ್ಲಿ 1932ರಲ್ಲಿ ಒಬ್ಬ ಬಡಗಿ ಮರದ ಆಟಿಕೆ ಮಾಡಲು ಕೂತ, ಅದು ಲೆಗೊ. 1916ರ ಜಟ್ಲೆಂಡ್ ನೌಕಾ ಯುದ್ಧ ನಿಮಗೆ ಗೊತ್ತೇ ಇದೆ, ಬ್ರಿಟನ್, ಜರ್ಮನಿ ಎರಡೂ ಕಡೆ ಸೇರಿ 8,000ಕ್ಕೂ ಹೆಚ್ಚು ನಾವಿಕರು ಆ ಹೆಸರಿನ ಕೆಳಗೆ ಮುಳುಗಿದರು. ನಾವು ಇಂಗ್ಲಿಷ್ ಅಂತ ಕರೆಯುವ ಭಾಷೆಯ ಹೆಸರು ಬಂದದ್ದು ಈ ಪರ್ಯಾಯ ದ್ವೀಪದ ಬುಡದ ಆಂಗೆಲ್ನ್ ಅನ್ನೋ ಪುಟ್ಟ ಸೀಮೆಯಿಂದ. ನಿಮ್ಮ ಮೊಬೈಲಿನ ಬ್ಲೂಟೂತ್ ಹೆಸರು ಜಟ್ಲೆಂಡಿನ ಯೆಲಿಂಗ್‌ನಲ್ಲಿ ಕಲ್ಲು ನಿಲ್ಲಿಸಿದ ರಾಜ ಹರಾಲ್ಡನ ಅಡ್ಡಹೆಸರು, ಆ ಗುರುತು ಅವನ ಹೆಸರಿನ ಎರಡು ಅಕ್ಷರ, ರೂನ್ ಅನ್ನೋ ಹಳೆಯ ಲಿಪಿಯಲ್ಲಿ. ಇನ್ನೊಂದು, ಇದನ್ನು ಬಿಡಲಾರೆ: ಬಂಗಾಳದ ಸೆರಾಂಪುರ 1845ರವರೆಗೆ ಡೆನ್ಮಾರ್ಕಿನ ಕೈಯಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿ ಮಿಷನರಿಗಳನ್ನು ಬಿಟ್ಟುಕೊಳ್ಳದಿದ್ದಾಗ ಅವರು ನಿಂತದ್ದು ಆ ಬಾವುಟದ ಕೆಳಗೆ. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಅಲ್ಲಿ. ಇದರ ಮೇಲೆ ಬೇರೆಯೇ ಒಂದು ಭಾನುವಾರ ಬೇಕು.

ಕೊನೆಯದು. ಸ್ಕಾಗೆನ್‌ನ ಆಚೆ ಗ್ರೆನೆನ್ ಅನ್ನೋ ತುದಿ ಇದೆ. ಅಲ್ಲಿ ನೆಲ ಚೂಪಾಗುತ್ತಾ ಹೋಗಿ ಒಂದು ಹೆಜ್ಜೆಯಷ್ಟು ಅಗಲದ ಮರಳಿನ ನಾಲಿಗೆಯಾಗುತ್ತದೆ. ಎಡಕ್ಕೆ ಸ್ಕಾಗೆರಾಕ್, ಬಲಕ್ಕೆ ಕಟ್ಟೆಗಾಟ್. ಎರಡೂ ಕಡೆಯ ಅಲೆಗಳು ಎದುರುಬದುರಾಗಿ ಬಂದು ಹೆಣೆದುಕೊಳ್ಳುತ್ತವೆ. ನಾನು ಪ್ಯಾಂಟು ಮಡಿಸಿಕೊಂಡು ಒಂದೊಂದು ಕಾಲು ಒಂದೊಂದು ಸಮುದ್ರದಲ್ಲಿಟ್ಟು ನಿಂತೆ. ಆ ತುದಿ ಬೆಳೆಯುತ್ತಲೇ ಇದೆ. ಪಶ್ಚಿಮ ತೀರದಿಂದ ಸಮುದ್ರ ಕಿತ್ತ ಮರಳನ್ನು ಪ್ರವಾಹ ಉತ್ತರಕ್ಕೆ ಹೊತ್ತು ತಂದು ಅಲ್ಲಿ ಇಳಿಸುತ್ತದೆ. ದೀಪಸ್ತಂಭದ ಬುಡದಿಂದ ಹೋದ ಮಣ್ಣಿನ ಮೇಲೆ ನಾನು ಅವತ್ತು ನಿಂತಿದ್ದೆ ಅಂತ ಹೇಳಬಹುದು. ಆ ಹುಡುಗಿ ಈಗ ಎಲ್ಲಿದ್ದಾಳೋ, ಸಿಕ್ಕಿದರೆ ಇದನ್ನು ಹೇಳಬೇಕು. ಅವತ್ತಿನ ನನ್ನ ಉತ್ತರವನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಅಂತಲೂ ಹೇಳಬೇಕು.

ಪ್ರಶ್ನೆಗಳಿದ್ದರೆ ಕೇಳಿ. ಸೀಸೆ ಎಲ್ಲಿಯವರೆಗೆ ಬಂತು? ಕೊನೆಯ ಸಾಲಿನವರು ನೋಡಿದಿರಾ? ನೋಡಿದ ಮೇಲೆ ಈ ಮೇಜಿಗೆ ವಾಪಸ್ ಕಳಿಸಿ. ನಾಳೆ ಬೆಳಿಗ್ಗೆ ಇನ್ನೊಂದು ಶಾಲೆಗೆ ಅದನ್ನು ತೆಗೆದುಕೊಂಡು ಹೋಗಬೇಕು.